ಬಿಳಿ ಜೋಡಿ ಕಟ್ಟಿಕೊಂಡು ವಿದೇಶಕ್ಕೆ

ದೇಶಾಂತರ ಹೋಗದ ಮನುಷ್ಯನ ಜ್ಞಾನ ಪೂರ್ಣವಾಗುವುದಿಲ್ಲವೆಂದು ಹಿರಿಯರು ಹೇಳುತ್ತಾರೆ. ನಾನು ದೇಶಾಂತರ ಹೋಗಿ ಬಂದವನು. ದಾರಿಯಲ್ಲಿ ನನಗೆ ದೊರೆತ ಮೊದಲ ಜ್ಞಾನವೆಂದರೆ, ಬಂಡಿಯೊಳಗೆ ಕಾಲು ಚಾಚಿ ಮಲಗಬೇಕಾದರೆ ಕಾಲು ಗಿಡ್ಡವಿರಬೇಕು.

ದೇಶಾಂತರವೆಂದ ಕೂಡಲೇ ಹಡಗು, ಕಡಲು ಎಂದೆಲ್ಲ ಊಹಿಸಬೇಡಿ. ಆಗ ನಾವು ನಿಜಾಮ ಸರಕಾರದ ಪ್ರಜೆಗಳು. ನಾನು ಸಿಂಧನೂರಿನ ತಹಸೀಲ ಕಚೇರಿಯಲ್ಲಿ ಗುಮಾಸ್ತ. ಮಸ್ಕಿ, ಲಿಂಗಸೂಗೂರು, ಮುದಗಲ್ಲು ದಾಟಿ ಇನ್ನಷ್ಟು ಪಡುವಣಕ್ಕೆ ಹೋದರೆ ಒಂದು ನಾಕಾ, ಗಡಿಯ ತಪಾಸಣೆ ಕಟ್ಟೆ. ಅದರಾಚೆ ಇಂಗ್ರೇಜರ ಸೀಮೆ. ಅಲ್ಲಿ ರಾಜ ಬೇರೆ, ನಾಣ್ಯ ಬೇರೆ, ಪೊಲೀಸರ ಪೇಟ ಬೇರೆ. ಮಣ್ಣು ಮಾತ್ರ ಈಚೆಗಿದ್ದ ಎರೆಮಣ್ಣೇ. ಮಣ್ಣಿಗೆ ರಾಜಕಾರಣ ತಿಳಿಯುವುದಿಲ್ಲ.

ಇಂಥ ಪರದೇಶಕ್ಕೆ ನಾನು ಹೊರಟದ್ದು ಅವ್ವನ ಕಣ್ಣಿಗಾಗಿ. ಹಿಂದೆ ಊರೂರು ತಿರುಗುವ ವೈದ್ಯನೊಬ್ಬ ಅವಳ ಎಡಗಣ್ಣಿನ ಪೊರೆಯನ್ನು ಸೂಜಿಯಿಂದ ಸರಿಸುತ್ತೇನೆಂದು ಕೂತು ಕಣ್ಣನ್ನೇ ಸರಿಸಿ ಹೋಗಿದ್ದ. ಉಳಿದದ್ದು ಬಲಗಣ್ಣೊಂದು. ಅದಕ್ಕೂ ಪೊರೆ ಬಂದು, ಬೆಳಕು ಕತ್ತಲೆಗಳಷ್ಟೇ ಅದಕ್ಕೆ ತಿಳಿಯುತ್ತಿದ್ದವು. ಒಲೆಯ ಮುಂದೆ ಅವಳು ಕೂತರೆ ನಮ್ಮೆಲ್ಲರ ಉಸಿರು ನಿಲ್ಲುತ್ತಿತ್ತು. ಹೀಗಿರುವಾಗ ಸಂತೆಗೆ ಬಂದ, ನಾಕಾದಾಚೆಯ ಇಳಕಲ್ಲಿನ ಸೀರೆ ವ್ಯಾಪಾರಿಯೊಬ್ಬ ಸುದ್ದಿ ತಂದ: "ನಮ್ಮೂರ ದವಾಖಾನಿಗೆ ಕಣ್ಣಿನ ದಾಕ್ಟರು ಬಂದಾರ್ರಿ. ಭಾಳ ಹಗುರ ಕೈ. ಬರೂ ವಾರ ಮುಗಿಯೂತನಕ ಇರ್ತಾರ. ಆಮ್ಯಾಲ ಬರೂದು ಮುಂದಿನ ವರ್ಷ."

ಮುಂದಿನ ವರ್ಷದವರೆಗೆ ಆ ಬಲಗಣ್ಣು ಕಾಯುವಂತಿರಲಿಲ್ಲ.

ವಾರ ಎಂದರೇನೆಂಬುದನ್ನು ಇಲ್ಲಿ ಸ್ವಲ್ಪ ವಿಚಾರ ಮಾಡಬೇಕು. ನಮ್ಮ ಸರಕಾರದಲ್ಲಿ ವಾರವು ಶನಿವಾರ ಹುಟ್ಟಿ ಗುರುವಾರ ಸಂಜೆ ಕಚೇರಿಯ ಬೀಗದೊಡನೆ ಮುಗಿಯುತ್ತದೆ. ಶುಕ್ರವಾರ ರಜಾ. ತಹಸೀಲ, ಶಾಲೆ, ದವಾಖಾನೆ, ಎಲ್ಲಕ್ಕೂ ರಜಾ. ಹುಟ್ಟಿದಾಗಿನಿಂದ ಇದನ್ನೇ ಕಂಡವನಿಗೆ ಇದು ಸರಕಾರದ ಹುಕುಂ ಎನಿಸುವುದಿಲ್ಲ. ಸೂರ್ಯ ಮೂಡುವುದರ ಜಾತಿಗೆ ಸೇರಿದ್ದೆನಿಸುತ್ತದೆ. ಆದ್ದರಿಂದ ಗುರುವಾರ ದವಾಖಾನೆ ಮುಚ್ಚುವುದರೊಳಗೆ ಇಳಕಲ್ಲು ಮುಟ್ಟಬೇಕೆಂದು ನಾನು ಲೆಕ್ಕ ಹಾಕಿದೆ. ಲೆಕ್ಕದಲ್ಲಿ ನನ್ನ ಕೈ ಪಳಗಿದ್ದೆಂದು ಕಚೇರಿಯಲ್ಲಿ ಪ್ರತೀತಿ.

ಬಂಡಿ ಸಂಗಪ್ಪ ಮಾವನದು. ಮಾವನೆಂದರೆ ಅವ್ವನ ಬೆನ್ನಿಗೆ ಬಿದ್ದ ತಮ್ಮ. ಬಿದಿರಿನ ಕಮಾನು ಕಟ್ಟಿ, ತಟ್ಟಿ ಹೊದಿಸಿ, ಒಳಗೆ ಹುಲ್ಲಿನ ಮೇಲೆ ಕೌದಿ ಹಾಸಿದ ಸವಾರಿ ಬಂಡಿ. ಕೆಳಗೆ ನೀರಿನ ಕೊಡ, ಹಿಂದೆ ಒಲೆಗೆ ಮೂರು ಕಲ್ಲು, ಒಂದು ಚೀಲ ಜೋಳದ ಹಿಟ್ಟು, ಒಂದು ಗಂಟು ಕಟಕ ರೊಟ್ಟಿ. ಮನೆಯಲ್ಲಿರುವುದೆಲ್ಲ ಅದರಲ್ಲಿತ್ತು, ಮನೆಯಲ್ಲಿರುವ ಸುಖವೊಂದನ್ನು ಬಿಟ್ಟು.

ಮಾವನಿಗೆ ಬಂಡಿಗಿಂತ ಎತ್ತುಗಳ ಅಭಿಮಾನ ಹೆಚ್ಚು. ಹೊಸದಾಗಿ ಕಟ್ಟಿದ ಜೋಡಿ.

"ಅಕ್ಕಾ, ಏನ ಜೋಡಿ ಅಂತಿ. ಎರಡೂ ಹಾಲಿನಂಥ ಬಿಳಿ. ಸಾವಿರ ಎತ್ತಿನಾಗ ಇಂಥ ಜೋಡಿ ಸಿಗಂಗಿಲ್ಲ."

"ಕುರುಡಿ ಮುಂದ ಬಣ್ಣದ ಮಾತ ಹೇಳ್ತಿಯಲ್ಲೊ. ಕಂಡರ ನಂಬತೀನಿ," ಎಂದಳು ಅವ್ವ.

ಇನ್ನೊಬ್ಬರ ಬಂಡಿಯಲ್ಲಿ ಕೂತವನು ಎತ್ತುಗಳ ಬಣ್ಣದ ಕುರಿತು ಸ್ವತಂತ್ರ ಅಭಿಪ್ರಾಯ ಇಟ್ಟುಕೊಳ್ಳಬಾರದು.

ಮಸ್ಕಿಯವರೆಗೆ ಪ್ರವಾಸ ಸುಖವಾಗಿಯೇ ಆಯಿತು. ಅಲ್ಲಿಯ ಗುಡ್ಡದ ಬಂಡೆಯ ಮೇಲೆ ಯಾವನೋ ಪುರಾತನ ಅರಸ ಏನನ್ನೋ ಬರೆಸಿದ್ದಾನೆ. ಅರಸ ಸ್ವತಃ ಬಂದಿರಲಿಕ್ಕಿಲ್ಲ, ಬರಹ ಕಳಿಸಿದ್ದಾನೆ. ಆ ದಾರಿಯಲ್ಲಿ ಬಂಡಿಯ ಕುಲುಕಾಟ ಉಂಡವರಿಗೆ ಅವನ ವಿವೇಕ ಚೆನ್ನಾಗಿ ಅರ್ಥವಾಗುತ್ತದೆ.

ಲಿಂಗಸೂಗೂರು ದಾಟಿದ ಮೇಲೆ ಗ್ರಹಚಾರ ಶುರುವಾಯಿತು. ಒಂದು ಹಳ್ಳದ ಇಳಿಜಾರಿನಲ್ಲಿ ಕಡಗೀಲು ಎಲ್ಲೋ ಬಿದ್ದುಹೋಗಿ, ಬಲಗಡೆಯ ಗಾಲಿ ನಮ್ಮನ್ನು ಬಿಟ್ಟು ತಾನೇ ಮುಂದಾಗಿ ವಿದೇಶಕ್ಕೆ ಹೊರಟಿತು. ಬಂಡಿ ಒಂದು ಮಗ್ಗುಲಿಗೆ ಕುಸಿಯಿತು. ಒಳಗೆ ಅವ್ವ ರೊಟ್ಟಿ ಗಂಟನ್ನು ತಬ್ಬಿಕೊಂಡು ಉರುಳಿದಳು. ತಲೆ ಎಲ್ಲಿಗಾದರೂ ಬಡಿದು, ಇದ್ದ ಒಂದು ಕಣ್ಣಿಗೆ ಪೆಟ್ಟಾಗಿದ್ದರೆ?

"ಯವ್ವಾ, ಕಣ್ಣಿಗೇನಾರ ಹತ್ತಿತೇನು?"

"ಕಣ್ಣಿಗೆ ಏನಿಲ್ಲ. ರೊಟ್ಟಿ ಮುರದಾವು," ಎಂದಳು, ಒಳಗಿನಿಂದಲೇ.

ಮಾವ ಜಾಲಿ ಕಡಿದು ಹೊಸ ಕೀಲು ಕೆತ್ತುವಷ್ಟರಲ್ಲಿ ಹೊತ್ತು ಇಳಿಯಿತು. ನಾನು ಸೂರ್ಯನನ್ನೂ ಮಾವನ ಕೊಡಲಿಯನ್ನೂ ಸರದಿಯಂತೆ ನೋಡುತ್ತ ನಿಂತೆ. ಎರಡೂ ನನ್ನ ಮಾತು ಕೇಳಲಿಲ್ಲ. ಅಂತೂ ಎತ್ತುಗಳನ್ನು ದಣಿಸಿ, ಅವಕ್ಕಿಂತ ಹೆಚ್ಚು ನಾವು ದಣಿದು, ಗುರುವಾರ ಬೆಳಿಗ್ಗೆ ನಾಕಾ ಮುಟ್ಟಿದೆವು. ಇನ್ನೊಂದು ಪಟ್ಟು ಬಂಡಿ ಹೊಡೆದರೆ ಮಧ್ಯಾಹ್ನದ ಹೊತ್ತಿಗೆ ಇಳಕಲ್ಲು.

ನಾಕಾದ ಜವಾನ ಬಂಡಿಯೊಳಗೆ ಇಣುಕಿದ. ಅದು ಯುದ್ಧದ ಕಾಲ. ಸೀಮೆಯಾಚೆ ಜೋಳ ಒಯ್ಯಕೂಡದೆಂದು ಹುಕುಂ ಇತ್ತು. ಹಿಟ್ಟಿನ ಚೀಲ ಅವನ ಕಣ್ಣಿಗೆ ಬಿತ್ತು. ನಾನು ಕೂಡಲೇ ಬಿಟ್ಟುಕೊಟ್ಟೆ. ಸರಕಾರಿ ನೌಕರನಿಗೆ ಹುಕುಮಿನ ಮುಂದೆ ಹಸಿವಾಗುವುದಿಲ್ಲ. ಆದರೆ ಅವನು ರೊಟ್ಟಿ ಗಂಟಿನ ಮೇಲೂ ಕೈ ಇಟ್ಟ.

"ಇದೂ ಜೋಳನ ಅಲ್ಲೇನ್ರಿ?"

"ಜೋಳ ಅಲ್ಲಪಾ, ರೊಟ್ಟಿ," ಎಂದ ಮಾವ.

"ರೊಟ್ಟಿ ಎದರದು?"

ವಿಷಯ ಗಹನವಾದದ್ದು. ಜೋಳ ಯಾವ ಘಳಿಗೆಯಲ್ಲಿ ಜೋಳತನವನ್ನು ಬಿಟ್ಟು ರೊಟ್ಟಿಯಾಗುತ್ತದೆ? ಬೀಸುವಾಗಲೋ, ಬಡಿಯುವಾಗಲೋ, ಬೇಯುವಾಗಲೋ? ಹುಕುಮಿನಲ್ಲಿ ಇದರ ಸ್ಪಷ್ಟನೆ ಇರಲಿಲ್ಲ. ನಾಕಾದ ಅಧಿಕಾರಿ ಅಮೀನ ಸಾಹೇಬರು ಗಸ್ತಿಗೆ ಹೋಗಿದ್ದಾರೆ, ಅವರೇ ಬಂದು ತೀರ್ಮಾನಿಸಬೇಕು, ಅಲ್ಲಿಯವರೆಗೆ ಬಂಡಿ ಅಲ್ಲಾಡಕೂಡದು ಎಂದ ಜವಾನ. ರೊಟ್ಟಿಯನ್ನು ನೀನೇ ಇಟ್ಟುಕೋ, ನಮ್ಮನ್ನು ಬಿಡು ಎಂದು ನಾನು ಅಂಗಲಾಚಿದೆ. ತಕರಾರಿನ ಮಾಲನ್ನು ತೀರ್ಮಾನಕ್ಕೆ ಮೊದಲು ಮುಟ್ಟಲಾರೆ ಎಂದ. ಅವನು ಪ್ರಾಮಾಣಿಕ, ನಮ್ಮ ದುರ್ದೈವ.

ಬಿಸಿಲು ನೆತ್ತಿಗೇರಿತು, ವಾಲಿತು. ಅವ್ವ ಒಮ್ಮೆ ಗಂಟು ಬಿಚ್ಚಿ, ಮುರಿದ ರೊಟ್ಟಿಯೊಂದನ್ನು ತಡವಿ ತೆಗೆದು ಅಗಿಯತೊಡಗಿದಳು.

"ಏನಬೇ, ಜಪ್ತಿ ಮಾಲು ತಿನ್ನಾಕತ್ತಿ?" ಎಂದ ಜವಾನ ಗಾಬರಿಯಿಂದ.

"ಹ್ಞೂಂ ಮಗನ. ನಿಮ್ಮ ಸಾಹೇಬ ಬಂದ್ರ ನನ್ನ ಹೊಟ್ಟಿ ಜಪ್ತಿ ಮಾಡು ಅನ್ನು. ನೀನೂ ಒಂದ ತುಣುಕು ತಿನ್ನು, ಮುಂಜಾನಿಂದ ಒದರಿ ಒದರಿ ಬಾಯಿ ಒಣಗೈತಿ."

ಅವನು ತಿನ್ನಲಿಲ್ಲ. ಅಮೀನ ಸಾಹೇಬರು ಹೊತ್ತು ಮುಳುಗುವಾಗ ಬಂದರು. ಗಂಟನ್ನು ನೋಡಿ, ಅವ್ವನ ಕಣ್ಣು ನೋಡಿ, "ಅರೆ, ಜಾನೇ ದೋ," ಎಂದು ಬಿಟ್ಟುಬಿಟ್ಟರು. ತೀರ್ಮಾನಕ್ಕೆ ಹಿಡಿದದ್ದು ಇಷ್ಟೇ ಹೊತ್ತು. ಆದರೆ ಗುರುವಾರ ಮುಗಿದಿತ್ತು.

ಶುಕ್ರವಾರ ಬೆಳಕು ಹರಿದಾಗ ಬಂಡಿಯನ್ನು ಸಿಂಧನೂರಿನ ಕಡೆಗೆ ತಿರುಗಿಸು ಎಂದು ಮಾವನಿಗೆ ಹೇಳಿದೆ.

"ಅಳಿಯ ಹೇಳೂದು ಖರೇ ಅಕ್ಕಾ," ಎಂದ ಮಾವ. "ಇವತ್ತು ರಜಾ. ಬೀಗ ಹಾಕಿರ್ತಾರ."

"ಬೀಗ ಹಾಕಿದ್ರ ಹಾಕಿರಲಿ. ಬಾಗಲಾ ನೋಡಿ ಬರೂನು ಅನ್ನಾಕ ನನಗ ಕಣ್ಣಿಲ್ಲ. ಮುಟ್ಟೆರ ಬರೂನು. ಹೊಡಿಯೊ ಬಂಡಿ."

ಹೀಗೆ ಮುಚ್ಚಿದ ಬಾಗಿಲೊಂದನ್ನು ಮುಟ್ಟಲು ನಾವು ಪರರಾಜ್ಯವನ್ನು ಪ್ರವೇಶಿಸಿದೆವು. ದಾರಿಯುದ್ದಕ್ಕೂ ಮಾವ ಎತ್ತುಗಳನ್ನು ಸಹ ಹೊಗಳಲಿಲ್ಲ.

ದವಾಖಾನೆಯ ಬಾಗಿಲು ತೆರೆದಿತ್ತು. ಕಟ್ಟೆಯ ಮೇಲೆ ಕಣ್ಣಿಗೆ ಹಸಿರು ಬಟ್ಟೆ ಕಟ್ಟಿಕೊಂಡ ಜನ ಸಾಲಾಗಿ ಕೂತಿದ್ದರು. ನಾನು ಸಿಪಾಯಿಯ ಬಳಿ ಹೋಗಿ, ಕಳ್ಳನಂತೆ ಕೇಳಿದೆ: "ಇವತ್ತು ಶುಕ್ರವಾರ ಅಲ್ಲೇನ್ರಿ?"

"ಹೌದು, ಶುಕ್ರವಾರ. ಏನಾತು?"

"ರಜಾ ಇಲ್ಲ?"

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಮೊಗಲಾಯಿದವ್ರೇನ್ರಿ, ನಿಜಾಮರ ಕಡಿಯವ್ರು? ನಮ್ಮಲ್ಲಿ ಸೂಟಿ ಐತವಾರ. ದಾಕ್ಟರು ನಾಳಿ ಸಂಜಿತನಕ ಅದಾರ. ಲಗೂನ ಕುಂದರಸ್ರಿ ನಿಮ್ಮ ತಾಯಾರನ್ನ."

ಮೂರು ಕಲ್ಲು ಹೂಡಿ ಒಲೆ ಹಚ್ಚಿದರೂ ಕರಗದಷ್ಟು ದುಃಖವನ್ನು ಹೊತ್ತು ತಂದಿದ್ದೆ. ಅದನ್ನು ಎಲ್ಲಿ ಇಳಿಸಬೇಕೋ ತಿಳಿಯಲಿಲ್ಲ. ರಜಾ ಶುಕ್ರವಾರ ಬಿಟ್ಟು ಭಾನುವಾರ ಬರಬಹುದಾದರೆ ಸೂರ್ಯ ಮೂಡುವುದೂ ಸೀಮೆಗೊಂದು ಬಗೆಯಿರಬಹುದೇ ಎಂಬ ಸಂಶಯ ಮಾತ್ರ ಅಂದಿನಿಂದ ಉಳಿದಿದೆ.

ಶನಿವಾರ ಅವ್ವನ ಬಲಗಣ್ಣಿಗೆ ಶಸ್ತ್ರಕ್ರಿಯೆ ಮಾಡಿದರು. ಕಟ್ಟು ಬಿಚ್ಚುವವರೆಗೆ ದವಾಖಾನೆಯ ಮಗ್ಗುಲ ಬೇವಿನ ಕೆಳಗೆ ಬಂಡಿಯೇ ನಮ್ಮ ಮನೆ. ನಾನು ಕಚೇರಿಗೆ ತಂತಿ ಕೊಟ್ಟು, ಸಾಹೇಬರ ಸಿಟ್ಟನ್ನು ಊಹಿಸುತ್ತ, ಹುಳಿ ತಿಂದವನಂತೆ ಮುಖ ಮಾಡಿಕೊಂಡಿರುತ್ತಿದ್ದೆ. ಅದಕ್ಕಿಂತ ದೊಡ್ಡ ಭಯ ಆ ಕಟ್ಟಿನ ಕೆಳಗಿತ್ತು.

ಕಟ್ಟು ಬಿಚ್ಚಿದ ದಿನ ಕೈ ಹಿಡಿದು ಅವ್ವನನ್ನು ಹೊರಗೆ ತಂದೆವು. ಅವಳು ಹಣೆಗೆ ಕೈ ಅಡ್ಡ ಹಿಡಿದು ಎತ್ತು ಕಟ್ಟಿದ್ದ ಬೇವಿನ ಕಡೆಗೆ ನೋಡಿದಳು. ಬಹಳ ಹೊತ್ತು ನೋಡಿದಳು.

"ಲೇ ಸಂಗಪ್ಪಾ."

"ಏನಕ್ಕಾ?"

"ಆ ಎಡಗಡೀದು ಯಾರದೊ?"

ಮಾವ ರುಮಾಲಿನ ತುದಿಯಿಂದ ಮುಖ ಒರೆಸಿಕೊಳ್ಳುತ್ತ ಎತ್ತುಗಳಿಗೆ ನೀರು ಕುಡಿಸಲು ಹೋದ.

ಎಡಗಡೆಯ ಎತ್ತು ಬೂದು ಬಣ್ಣದ್ದು.