ತಂಗಿಯ ಮನೆಯ ಬಾಗಿಲು

ದಿಮ್ಮಿ ಮೇಸ್ತ್ರಿ ಎಂದರೆ ಊರಿಗೆಲ್ಲ ಗೊತ್ತು. ಸಿಮೆಂಟಿಗೆ ಬೇಸತ್ತು, ಇಡೀ ಇಡೀ ದಿಮ್ಮಿಗಳನ್ನು ಒಂದರ ಮೇಲೊಂದು ಪೇರಿಸಿದ ಮರದ ಮನೆಯೇ ಬೇಕೆನ್ನುವವರು ಈಗೀಗ ಹೆಚ್ಚಾಗಿದ್ದಾರೆ. ಅವರೆಲ್ಲ ಇವನನ್ನೇ ಹುಡುಕಿಕೊಂಡು ಬರುತ್ತಾರೆ. ಬಂದವರಿಗೆ ಮೊದಲು ಒಂದು ಪಾಠ.

"ಮರದ ಗೋಡೆ ಒಣಗ್ತಾ ಒಣಗ್ತಾ ಕೆಳಗಿಳಿಯುತ್ತೆ ಸ್ವಾಮಿ. ಅದಕ್ಕೇ ಬಾಗಿಲು, ಕಿಟಕಿ ಮೇಲೆ ನಾಲ್ಕು ಬೆರಳು ಸಂದು ಬಿಡ್ತೀನಿ. ಹಲಗೆ ಹೊಡೆದು ಮುಚ್ತೀನಿ, ಕಾಣಲ್ಲ. ಸಂದು ಬೇಡ ಅನ್ನೋರು ಬೇರೆ ಮೇಸ್ತ್ರಿ ನೋಡ್ಕೊಳ್ಳಿ."

ಇಷ್ಟು ಬಲ್ಲ ಮಹಾರಾಯ ಎಡವಿದ್ದು ಸ್ವಂತ ತಂಗಿಯ ಮನೆಯಲ್ಲಿ.

ತಂಗಿ ಒಂಟಿ ಜೀವ, ಬಟ್ಟೆ ಹೊಲಿದು ಬದುಕು ಕಟ್ಟಿಕೊಂಡವಳು. ಬಾಡಿಗೆ ಮನೆ ಬಿಡುವ ದಿನ ಹತ್ತಿರ ಬಂದಿತ್ತು. ಅವಳಿಗೊಂದು ಮನೆ ಕಟ್ಟಲು ಮೇಸ್ತ್ರಿ, ವರ್ಷವಿಡೀ ಒಣಗಬೇಕಾದ ದಿಮ್ಮಿಗಳನ್ನು ಮೂರೇ ತಿಂಗಳಿಗೆ ಎತ್ತಿ ಗೋಡೆಗಿಟ್ಟ. ಹಸಿ ಮರ ಹೆಚ್ಚು ಕುಗ್ಗುತ್ತದೆ, ಆರು ಬೆರಳಾದರೂ ಸಂದು ಬೇಕು. ಕೈಗೆ ರೂಢಿಯಾದ ನಾಲ್ಕೇ ಬೆರಳು ಬಿಟ್ಟ. ಆತುರಗಾರನಿಗೆ ಬುದ್ಧಿ ಮಟ್ಟ. ಹಲಗೆ ಹೊಡೆದ ಸಂಜೆಯೇ ತಪ್ಪು ಹೊಳೆಯಿತು. ನಾಳೆ ಬಿಚ್ಚಿದರಾಯಿತು ಎಂದುಕೊಂಡ. ಆ ನಾಳೆ ಬರಲೇ ಇಲ್ಲ.

ಎರಡನೇ ವರ್ಷಕ್ಕೆ ಗೋಡೆ ಇಳಿದು ಬಾಗಿಲ ಚೌಕಟ್ಟಿನ ಮೇಲೆ ಕೂತಿತು.

"ಅಣ್ಣಾ, ಬಾಗಿಲು ಎಳೆಯೋಕೇ ಆಗ್ತಿಲ್ಲ ಕಣೋ," ಎಂದಳು ತಂಗಿ.

ಅವನು ಒಂದೇ ಎಳೆತಕ್ಕೆ ತೆಗೆದ. ದಿಮ್ಮಿ ಎತ್ತುವ ತೋಳಿಗೆ ಅದು ಯಾವ ಲೆಕ್ಕ!

"ನೋಡು, ನಿನಗೆ ಸಲೀಸಾಗಿ ಬರುತ್ತೆ. ನನ್ನ ಕೈಯಲ್ಲೇ ಶಕ್ತಿ ಹೋಗಿದೆ."

ನಿಜ ಹೇಳಲು ಅದೇ ಗಳಿಗೆ. ಮೇಸ್ತ್ರಿಯ ಬಾಯಿಂದ ಬಂದದ್ದು ಮಾತ್ರ, "ನಿನಗೂ ವಯಸ್ಸಾಯ್ತಲ್ಲೇ."

ಆಮೇಲೆ ಹೋದಾಗಲೆಲ್ಲ, ಅವಳು ಟೀ ಕಾಯಿಸುವಷ್ಟರಲ್ಲಿ ಇವನು ಕಳ್ಳನಂತೆ ಉಜ್ಜುಗೊರಡು ತೆಗೆದು ಬಾಗಿಲಿನ ಅಂಚು ಕೆರೆಯುತ್ತಿದ್ದ. ತಿಂಗಳೊಪ್ಪತ್ತಿನಲ್ಲಿ ಅದು ಮತ್ತೆ ಬಿಗಿಯುತ್ತಿತ್ತು. ಯಾರಾದರೂ "ತಂಗಿ ಮನೆ ಹೇಗಿದೆ?" ಎಂದು ಸುಮ್ಮನೆ ಕೇಳಿದರೂ ಕುಂಬಳಕಾಯಿ ಕಳ್ಳನಂತೆ ಹೆಗಲು ಮುಟ್ಟಿಕೊಳ್ಳುವ ಸ್ಥಿತಿ. ನಾಚಿಕೆಯಿಂದ ಊಟ ಸೇರುತ್ತಿರಲಿಲ್ಲ. ಆದರೂ ಬಾಯಿ ಬಿಡಲಿಲ್ಲ.

ಒಂದು ದಿನ ಹೋದರೆ ಕಿಟಕಿ ಪಕ್ಕದ ಮೂಲೆ ಖಾಲಿ.

"ಹೊಲಿಗೆ ಮೆಷಿನ್ ಎಲ್ಲೇ?"

"ಪಕ್ಕದ ಮನೆಯವಳಿಗೆ ಕೊಟ್ಟುಬಿಟ್ಟೆ. ಬಾಗಿಲು ತೆಗೆಯೋಕಾಗದ ಕೈ ಇನ್ನೆಷ್ಟು ದಿನ ಕತ್ತರಿ ಹಿಡಿಯುತ್ತೆ? ಡಾಕ್ಟರು ಏನೂ ಇಲ್ಲ ಅಂತಾರೆ. ಅವರಿಗೇನು ಗೊತ್ತು? ಅಮ್ಮನಿಗೂ ಕೈಯಿಂದಲೇ ಅಲ್ವಾ ಶುರುವಾಗಿದ್ದು? ಆಮೇಲೆ ಹಾಸಿಗೆ ಹಿಡಿದವಳು ಏಳಲೇ ಇಲ್ಲ."

ಮೇಸ್ತ್ರಿ ಆ ಖಾಲಿ ಮೂಲೆಯತ್ತ ಇನ್ನೊಮ್ಮೆ ನೋಡಿದ. ಇವಳು ಇಷ್ಟು ದಿನ ಒಬ್ಬಳೇ ಕೂತು ಸಾವಿಗೆ ಕಾಯುತ್ತಿದ್ದಳೇ?

"ನಿನ್ನ ಕೈಗೆ ಏನೂ ಆಗಿಲ್ಲ ಕಣೇ," ಎಂದ. "ತಪ್ಪು ನಂದು. ಹಸಿ ಮರ ಹಾಕಿದೆ, ಮೇಲೆ ಸಂದು ಸಾಲಲಿಲ್ಲ. ಗೋಡೆ ಇಳಿದು ಬಾಗಿಲು ಹಿಡ್ಕೊಂಡಿದೆ. ನನಗೆ ಮೊದಲಿಂದ ಗೊತ್ತಿತ್ತು."

ತಲೆ ತಗ್ಗಿಸಿ ನಿಂತ. ಬೈಯಲಿ, ಉಗಿಯಲಿ, ಮನೆಯಿಂದ ಆಚೆ ಅಟ್ಟಲಿ.

ಅವಳು ತನ್ನ ಬೆರಳುಗಳನ್ನು ಮಡಚಿ ಬಿಡಿಸಿ ನೋಡಿಕೊಂಡಳು.

"ಹಾಗಾದ್ರೆ ಅಮ್ಮನ ಕಾಯಿಲೆ ನನಗೆ ಬಂದಿಲ್ವಾ?"

"ಇಲ್ಲ."

"ನಿಜ ಹೇಳ್ತಿದ್ದೀಯಾ?"

"ನಿಜ."

ಅವಳು ಅವನ ಎರಡೂ ಕೈ ಹಿಡಿದುಕೊಂಡು ಅಳುತ್ತ ನಕ್ಕಳು. "ಎಂಥ ಒಳ್ಳೇ ಸುದ್ದಿ ತಂದ್ಯೋ ಅಣ್ಣಾ!"

ಆ ಹಿಡಿತಕ್ಕೆ ಅವನ ಬೆರಳುಗಳು ನೋಯುತ್ತಿದ್ದವು. ಬಿಡಿಸಿಕೊಳ್ಳಲು ಅವನಿಗೆ ಮುಖವಿರಲಿಲ್ಲ.