ಕಾಪುವಿನ ದೂಮಪ್ಪ ಹಳೇ ಡಿಸ್ಕ್‌ಗೆ ಕಿವಿಗೊಡುವ ಹೊತ್ತು

ಬೆಳಗಿನ ಜಾವ ನಾಲ್ಕು ಮುಕ್ಕಾಲು. ಕಾಪು ಪೇಟೆಯಲ್ಲಿ ಎಲ್ಲರಿಗಿಂತ ಮೊದಲು ಏಳುವುದು ಇಬ್ಬರೇ: ಮಳೆ ಮತ್ತು ದೂಮಪ್ಪ. ಹೊಲಿಗೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಐವತ್ತೆಂಟರ ಈ ಮನುಷ್ಯ ಸ್ಕ್ರೂಡ್ರೈವರಿನ ತುದಿಯನ್ನು ಒಂದು ಹಾರ್ಡ್ ಡಿಸ್ಕ್ ಮೇಲಿಟ್ಟು, ಹಿಡಿಯನ್ನು ಎಡಗಿವಿಗೆ ಒತ್ತಿ ಕಣ್ಣು ಮುಚ್ಚಿದ್ದಾರೆ. ಹೆದ್ದಾರಿಯಲ್ಲಿ ಎಕ್ಸ್‌ಪ್ರೆಸ್ ಬಸ್ಸುಗಳ ಹಾರ್ನ್ ಶುರುವಾದರೆ ಡಿಸ್ಕ್ ಒಳಗೆ ತಿರುಗುವ ಸಣ್ಣ ಶಬ್ದ ಕೇಳಿಸದು. ಅದಕ್ಕೇ ಈ ಹೊತ್ತು. ಹೀರೋ ಎಂಟ್ರಿಗೆ ಹೊಗೆಯಿಲ್ಲ, ಶಿಳ್ಳೆಯಿಲ್ಲ. ಬಂಗುಡೆ ಮೀನಿನ ವಾಸನೆಯೊಂದಿದೆ. ಅದು ಬರುತ್ತಿರುವುದು ಡಿಸ್ಕ್‌ನಿಂದ.

"ಎಂತ ಮಾಡಿದ್ರಿ ಇದಕ್ಕೆ?"

ಎದುರಿನ ಸ್ಟೂಲಿನಲ್ಲಿ ಕುಳಿತಿರುವ ಶೇಖರ ತಲೆ ತಗ್ಗಿಸುತ್ತಾರೆ. ಅವರು ಟ್ರಾಲ್ ಬೋಟೊಂದರ ತಂಡೇಲ. ಸಮುದ್ರದಲ್ಲಿ ಬೋಟು ನಡೆಸುವ ಹೊಣೆ ಅವರದು. "ಬಿಸಿ ಆಗ್ತಿತ್ತು ದೂಮಣ್ಣ. ಮೀನಿನ ಪೆಟ್ಟಿಗೆಗೆ ಐಸ್ ಹಾಕಿ ಒಂದು ರಾತ್ರಿ ಇಟ್ಟೆ."

"ಒಳ್ಳೇದಾಯ್ತು. ಮೆಣಸಿನ ಪುಡಿ ಹಚ್ಚಿ ತವಾಕ್ಕೆ ಹಾಕ್ಲಿಲ್ವಲ್ಲ ಮಾರಾಯ್ರೆ!"

ಶೇಖರ ನಗುವುದಿಲ್ಲ. ತಳಕ್ಕೆ ಇಳಿಸಿ ಎಳೆಯುವ ಬಲೆ ಸಮುದ್ರದಡಿಯ ಬಂಡೆಗೆ ಸಿಕ್ಕಿದರೆ ಚಿಂದಿಯಾಗುತ್ತದೆ. ಗಾಳಿ ಜೋರಿದ್ದರೆ ಬೋಟೇ ಮಗುಚುತ್ತದೆ. ಹದಿನೇಳು ವರ್ಷಗಳಿಂದ ಕಲ್ಲು ಸಿಕ್ಕಿದಲ್ಲೆಲ್ಲ ಜಿಪಿಎಸ್‌ನಲ್ಲಿ ಗುರುತು ಹಾಕಿ, ದಡಕ್ಕೆ ಬಂದ ಮೇಲೆ ಕಂಪ್ಯೂಟರಿಗೆ ಇಳಿಸಿಕೊಂಡವರು ಅವರು. ಒಟ್ಟು 1,312 ಕಲ್ಲು. ಕಳೆದ ಸೀಸನ್ನಿನ ಕೊನೆಗೆ ಜಿಪಿಎಸ್ ನೀರು ಕುಡಿದು ಸತ್ತಿತು. ಜೂನ್‌ನಲ್ಲಿ ಕಂಪ್ಯೂಟರೂ ಹಿಂದೆಯೇ ಹೋಯಿತು. ಉಳಿದದ್ದು ಈ ಡಿಸ್ಕ್. ಮಣಿಪಾಲದಿಂದ ತಂದ ಹೊಸ ಕಂಪ್ಯೂಟರಿನಲ್ಲಿ ಕಲ್ಲಿನ ಗುರುತುಗಳನ್ನು ತೆರೆಯುವ ಹಳೇ ಪ್ರೋಗ್ರಾಂ ಇಲ್ಲ. ಅದನ್ನು ಮಾಡಿದ ಕಂಪನಿ ಮುಚ್ಚಿದೆ, ಸಿ.ಡಿ. ಎಲ್ಲೂ ಸಿಗುವುದಿಲ್ಲ. ಹಾಗಾಗಿ ಉಳಿದ ದಾರಿ ಒಂದೇ: ಹೊಸ ಕಂಪ್ಯೂಟರ್ ಹಳೇ ಡಿಸ್ಕ್‌ನ ವಿಂಡೋಸ್‌ನಿಂದಲೇ ಏಳಬೇಕು. ಮೀನುಗಾರಿಕೆಯ ಮಳೆಗಾಲದ ನಿಷೇಧ ಮುಗಿಯಲು ನಾಲ್ಕು ದಿನ ಬಾಕಿ.

ದೂಮಪ್ಪ ಓದಿದ್ದು ಎಂಟನೇ ಕ್ಲಾಸು. ಇಪ್ಪತ್ತು ವರ್ಷ ಬೋಟುಗಳ ವೈರ್‌ಲೆಸ್ ಸೆಟ್ ರಿಪೇರಿ ಮಾಡಿದರು. ಎಂಜಿನ್ನಿನ ಪಕ್ಕ ಕೂತು ಕೂತು ಬಲಗಿವಿ ಹೋಯಿತು. ಮೊಬೈಲ್ ಬಂದ ಮೇಲೆ ಆ ಕೆಲಸವೂ ಸೊರಗಿತು. ಉಡುಪಿಯ ಅಂಗಡಿಯೊಂದರಲ್ಲಿ ಕಸ ಗುಡಿಸುತ್ತಾ, ಕಂಪ್ಯೂಟರ್ ಬಿಚ್ಚುವವರ ಕೈ ನೋಡಿ ಕಲಿತದ್ದು ಈ ವಿದ್ಯೆ. ಈಗ ಕಾರ್ಕಳದ ಫೋಟೊ ಸ್ಟುಡಿಯೋ, ಬಜಗೋಳಿಯ ರಕ್ತ ಪರೀಕ್ಷೆಯ ಲ್ಯಾಬು, ಅಲೆವೂರಿನ ಪ್ರೆಸ್ಸು, ಎಲ್ಲಿಂದಲೂ ಹಳೇ ಡಿಸ್ಕ್‌ಗಳು ಕೊನೆಗೆ ಬಂದು ಮಲಗುವುದು ಇವರ ಮೇಜಿನ ಮೇಲೆ. ವಾರಕ್ಕೆ ಆರೇಳು. ಹೆಚ್ಚಿನವು ದೊಡ್ಡ ಅಂಗಡಿಗಳ ಮೂಲಕವೇ ಬರುತ್ತವೆ, ಅವುಗಳ ಮೂಲಕವೇ ಹಿಂದೆ ಹೋಗುತ್ತವೆ. ಪೋಸ್ಟರಿನಲ್ಲಿ ಇವರ ಮುಖವಿಲ್ಲ, ಟೈಟಲ್ ಕಾರ್ಡಿನಲ್ಲಿ ಹೆಸರೂ ಇಲ್ಲ.

"ಹತ್ತು ಬಂದ್ರೆ ನಾಲ್ಕು ಏಳ್ತವೆ," ಎನ್ನುತ್ತಾರೆ. "ಮೂರರಲ್ಲಿ ಫೈಲ್ ಮಾತ್ರ ಸಿಗ್ತದೆ. ಮೂರು ಹೋದ ಹಾಗೇ. ಎದ್ದದ್ದಕ್ಕೆ ಅಂಗಡಿಯವನಿಗೆ ಶಹಬ್ಬಾಸ್. ಹೋದದ್ದಕ್ಕೆ ಬೈಲಿಕ್ಕೆ ನಾನು ಇದ್ದೇನಲ್ಲ."

ಮೀನು ಮಾರುವ ಹೆಂಡತಿ ಅಕ್ಕು ಚಹಾದ ಲೋಟ ತಂದಿಡುತ್ತಾರೆ. "ನಾನು ಹತ್ತು ಸಲ ಕರೆದ್ರೂ ಇವರಿಗೆ ಕೇಳುದಿಲ್ಲ. ಆ ಡಬ್ಬಿ ಉಸಿರು ಬಿಟ್ರೆ ಕೇಳ್ತದೆ."

ದೂಮಪ್ಪ ಕಣ್ಣು ತೆರೆಯುತ್ತಾರೆ. "ಒಳಗೆ ಓದುವ ಸೂಜಿ ತಡವರಿಸ್ತಾ ಉಂಟು ಶೇಖರಣ್ಣ. ಹೆಚ್ಚು ಹೊತ್ತು ಬದುಕುದಿಲ್ಲ ಇದು."

"ಹಾಗಾದ್ರೆ ಸೀದಾ ಹೊಸತಕ್ಕೆ ಹಾಕಿ ಆನ್ ಮಾಡಿ! ಹತ್ತು ನಿಮಿಷ ಸಾಕು ನಂಗೆ. ಕಲ್ಲೆಲ್ಲ ಹೊಸ ಜಿಪಿಎಸ್‌ಗೆ ಹಾಕ್ತೇನೆ."

"ಇಲ್ಲ. ಮೊದಲು ಕಾಪಿ. ಕಾಪಿಯಿಂದ ಬೂಟ್."

"ಕಾಪಿಗೆ ಎಷ್ಟು ಹೊತ್ತು?"

"ಒಂಬತ್ತು ಗಂಟೆ."

"ಹೆಚ್ಚು ಹೊತ್ತು ಬದುಕುದಿಲ್ಲ ಅಂತ ನೀವೇ ಹೇಳಿದ್ರಲ್ಲ ದೂಮಣ್ಣ!"

ಈ ಹಟದ ಹಿಂದೆ ಹಳೆಯ ಗಾಯವಿದೆ. 2017ರಲ್ಲಿ ಎಲ್ಲೂರಿನ ಶ್ರೀಮತಿ ಟೀಚರ್ ಒಂದು ಡಿಸ್ಕ್ ತಂದಿದ್ದರು. ಗದ್ದೆಯಲ್ಲಿ ಭತ್ತದ ನೇಜಿ ನೆಡುತ್ತಾ ಅಜ್ಜಿಯಂದಿರು ಹಾಡಿದ ತುಳು ಕಥನಗೀತೆಗಳು, ಪಾಡ್ದನಗಳು, ಮೂವತ್ತು ವರ್ಷದ ಸಂಗ್ರಹ. ಟೀಚರಿಗೆ ಅವಸರವಿತ್ತು, ದೂಮಪ್ಪ ಸೀದಾ ಬೂಟ್ ಮಾಡಿದರು. ಹಳೇ ಪರದೆ ಇಪ್ಪತ್ತು ಸೆಕೆಂಡ್ ಬೆಳಗಿತು. ಆಮೇಲೆ ಕಟಕ್, ಡಿಸ್ಕ್ ಸತ್ತಿತು. ಹಾಡಿದ ಅಜ್ಜಿಯಂದಿರಲ್ಲಿ ಆಗಲೇ ಯಾರೂ ಉಳಿದಿರಲಿಲ್ಲ. "ಟೀಚರ್ ಬೈಲೇ ಇಲ್ಲ," ಎನ್ನುತ್ತಾರೆ ದೂಮಪ್ಪ. "ಬೈದಿದ್ರೆ ಆಗ್ತಿತ್ತು."

ಐದು ಗಂಟೆಗೆ ಕಾಪಿ ಶುರು. ದೂಮಪ್ಪ ಜಾಗ ಬಿಟ್ಟು ಕದಲುವುದಿಲ್ಲ. ಡಿಸ್ಕ್ ಬಿಸಿಯಾದರೆ ನಿಲ್ಲಿಸಿ, ಫ್ಯಾನಿನ ಗಾಳಿ ಹಿಡಿದು, ಮತ್ತೆ ಹೊರಡಿಸುತ್ತಾರೆ. ಐಸಿಯು ಹೊರಗಿನ ಸಂಬಂಧಿಕನಂತೆ ಶೇಖರ ಬಾಗಿಲಲ್ಲಿ ನಿಂತಿದ್ದಾರೆ. ಹತ್ತು ಗಂಟೆಗೆ ಅರವತ್ತು ಪರ್ಸೆಂಟ್. ಹನ್ನೊಂದೂವರೆಗೆ ಎಪ್ಪತ್ತೊಂದು. ಅಲ್ಲಿ ಕಟಕ್, ಕಟಕ್, ಕಟಕ್. ಈ ಸದ್ದಿಗೆ ಸ್ಕ್ರೂಡ್ರೈವರ್ ಬೇಕಾಗುವುದಿಲ್ಲ. ಹೊಲಿಗೆ ಅಂಗಡಿಯವರಿಗೂ ಕೇಳಿಸುತ್ತದೆ. ದೂಮಪ್ಪ ಕರೆಂಟ್ ತೆಗೆಯುತ್ತಾರೆ.

ಸಿಕ್ಕಿದಷ್ಟರ ಕಾಪಿಯನ್ನು ಹೊಸ ಕಂಪ್ಯೂಟರಿಗೆ ಜೋಡಿಸಿ ಅವರು ಮತ್ತೆ ಕೂರುತ್ತಾರೆ. ಹೊಸ ಯಂತ್ರಕ್ಕೆ ಹಳೇ ವಿಂಡೋಸಿನ ಪರಿಚಯ ಹತ್ತುವುದಿಲ್ಲ. ಮೂರು ಸಲ ನೀಲಿ ಪರದೆ. ಸೆಟ್ಟಿಂಗಿನಲ್ಲಿ ಹಳೇ ಕಾಲದ ಮೋಡ್ ಹುಡುಕಿ ಹಾಕಿದ ಮೇಲೆ, ನಾಲ್ಕನೇ ಸಲ, ಸಂಜೆ ಐದಕ್ಕೆ ಅದು ಏಳುತ್ತದೆ. ಪರದೆಯ ಮೇಲೆ ಶೇಖರರ ಬೋಟಿನ ಹಳೇ ಫೋಟೊ. ಪ್ರೋಗ್ರಾಂ ತೆರೆಯುತ್ತದೆ. ಒಳಗೆ ಎರಡು ಫೋಲ್ಡರ್: ಉತ್ತರದ ಕಲ್ಲುಗಳದ್ದು ಬಡಗು, ದಕ್ಷಿಣದ್ದು ತೆಂಕು. ಬಡಗು ತೆರೆಯುತ್ತದೆ: 744 ಕಲ್ಲು. ತೆಂಕು ತೆರೆಯುವುದಿಲ್ಲ.

"ಈ ಸಲ ಮೀನು ತೆಂಕಲ್ಲೇ ಅಂತೆ," ಎನ್ನುತ್ತಾರೆ ಶೇಖರ, ಮೆಲ್ಲಗೆ. "ಬೋಟಿನ ಸಾಹುಕಾರ್ರು ಅಲ್ಲಿಗೇ ಹೋಗು ಅಂತ ಹೇಳಿದ್ದಾರೆ."

ದೂಮಪ್ಪ ಒಂದು ನೋಟ್‌ಪುಸ್ತಕ ಕೊಡುತ್ತಾರೆ. "ನೆನಪಿದ್ದಷ್ಟು ಬರೀರಿ." ಶೇಖರ ಕಣ್ಣು ಮುಚ್ಚಿ ಸಮುದ್ರದೊಳಕ್ಕೆ ಹೋಗಿ ಬರುತ್ತಾರೆ, ಒಂದೊಂದು ಕಲ್ಲು ತಂದು ಪುಸ್ತಕದಲ್ಲಿಡುತ್ತಾರೆ. ಅರವತ್ತೊಂದಕ್ಕೆ ಪೆನ್ನು ನಿಲ್ಲುತ್ತದೆ. 568ರಲ್ಲಿ ಅರವತ್ತೊಂದು.

"ಸೀದಾ ಬೂಟ್ ಮಾಡಿದ್ರೆ ಎರಡೂ ಸಿಗ್ತಿತ್ತೋ, ಎರಡೂ ಹೋಗ್ತಿತ್ತೋ," ಎನ್ನುತ್ತಾರೆ ದೂಮಪ್ಪ. "ಅದು ಗೊತ್ತಾಗುದೇ ಇಲ್ಲ. ಈ ಕೆಲಸದಲ್ಲಿ ನಿದ್ರೆ ಕೆಡ್ಸುದು ಅದೊಂದೇ."

ಆಗಸ್ಟ್ ಒಂದರಂದು ಬೋಟು ಹೊರಟಿತು. ಹೋಗುವ ಮುಂಚೆ ಶೇಖರ, ನಿಮಗೆ ಎಂತ ಕೊಡ್ಬೇಕು ಎಂದು ಕೇಳಿದ್ದರು. "ಬಲೆ ಹರಿಯದೆ ಮೇಲೆ ಬಂದ್ರೆ, ದಡ ಮುಟ್ಟಿದ ಕೂಡಲೇ ಒಂದು ಮಿಸ್ಡ್ ಕಾಲ್ ಕೊಡಿ," ಎಂದಿದ್ದರು ದೂಮಪ್ಪ. "ನಾನು ಎತ್ತುದಿಲ್ಲ. ರಿಂಗ್ ಆದ್ರೆ ಸಾಕು."

ಹತ್ತು ದಿನಕ್ಕೆ ಮರಳಬೇಕಿದ್ದ ಬೋಟಿಗೆ ಇಂದಿಗೆ ಹದಿಮೂರನೇ ದಿನ. ಮತ್ತೆ ನಾಲ್ಕು ಮುಕ್ಕಾಲು, ಮತ್ತೆ ಮಳೆ. ಮೇಜಿನ ಮೇಲೆ ಕಾರ್ಕಳದಿಂದ ಬಂದ ಇನ್ನೊಂದು ಡಿಸ್ಕ್. ಕೇಳುವ ಕಿವಿಯ ಕಡೆಗೇ ಇರಲೆಂದು ಫೋನನ್ನು ಎಡಗಡೆ ಇಟ್ಟಿದ್ದಾರೆ. ಬಂದರಿಗೆ ಹೊರಟ ಅಕ್ಕು ಬುಟ್ಟಿ ಎತ್ತಿಕೊಳ್ಳುತ್ತಾ ಬಾಗಿಲಲ್ಲಿ ನಿಲ್ಲುತ್ತಾರೆ. "ಬಂದ ಬೋಟಿನವರ ಹತ್ರ ಕೇಳಿ ಬರ್ತೇನೆ, ಆಯ್ತಾ?"

"ಬೇಡ," ಎನ್ನುತ್ತಾರೆ ದೂಮಪ್ಪ, ಸ್ಕ್ರೂಡ್ರೈವರನ್ನು ಕಿವಿಗೆ ಒತ್ತಿ. "ರಿಂಗ್ ಆಗ್ತದೆ."