ಚೀನೀ ಪಾಠಕ್ಕಾಗಿ ಊರೂರು ತಿರುಗಿದ್ದು

ಗದಗ ಬೇರೆ ಜಿಲ್ಲೆಯಾದ ಹೊಸತು. ವಿಶ್ವವಿದ್ಯಾಲಯದಲ್ಲಿ ನಾನು ಚೀನೀ ಭಾಷೆ ಕಲಿಸುತ್ತಿದ್ದೆ. ನೌಕರಿ ಕಾಯಂ ಆಗಿರಲಿಲ್ಲ. ಪ್ರತಿ ಮಾರ್ಚ್‌ನಲ್ಲಿ ಅನುದಾನದ ಪತ್ರ ಬರುವವರೆಗೆ ಅನ್ನ ರುಚಿಸುತ್ತಿರಲಿಲ್ಲ. ಆ ವರ್ಷ ಪತ್ರ ಬರಲೇ ಇಲ್ಲ. ವಿಭಾಗದ ಮುಖ್ಯಸ್ಥರು ಕರೆದು, "ವರ್ಷಾ ವರ್ಷಾ ಕೈ ಒಡ್ಡೂದು ಸಾಕು. ಬಡ್ಡಿ ಮ್ಯಾಲ ನಡಿಯೂವಂಥ ಶಾಶ್ವತ ನಿಧಿ ತರ್ರಿ, ತರಗತಿ ಉಳೀತೈತಿ. ಇಲ್ಲಾಂದ್ರ ಮುಚ್ಚೂದ," ಎಂದರು.

ರಜೆಗೆ ಶಿರಹಟ್ಟಿಯ ತವರಿಗೆ ಬಂದವಳು ಒಂದು ದಿನವೂ ಮನೆಯಲ್ಲಿ ನಿಲ್ಲಲಿಲ್ಲ. ಲಕ್ಷ್ಮೇಶ್ವರ, ಮುಂಡರಗಿ, ಗದಗ ಎಂದು ಬಸ್ಸು ಹತ್ತಿ ಇಳಿದದ್ದೇ ಆಯಿತು. "ಕುಂತು ಒಂದು ರೊಟ್ಟಿ ತಿನ್ನು," ಎಂದು ಅವ್ವ ಬೈಯುತ್ತಿದ್ದಳು. ರೊಟ್ಟಿ ಕೈಯಲ್ಲಿ ಹಿಡಿದೇ ನಾನು ಬಸ್ಸಿಗೆ ಓಡುತ್ತಿದ್ದೆ.

ಮುಂಡರಗಿಯಲ್ಲಿ ಎಣ್ಣೆಮಿಲ್ಲಿನ ಯಜಮಾನರು ಚಹಾ ತರಿಸಿ ಎಲ್ಲವನ್ನೂ ಕೇಳಿಸಿಕೊಂಡರು. ಆಮೇಲೆ ಮೆಲ್ಲಗೆ, "ನಮ್ಮಣ್ಣ ಚೀನಾ ಯುದ್ಧಕ್ಕ ಹೋದಾಂವ ತಿರಗಿ ಬರಲಿಲ್ಲರಿ ಅಕ್ಕಾರ. ಅವರ ಮಾತು ಕಲಸಾಕ ನಾ ರೊಕ್ಕ ಕೊಡಬೇಕೇನು?" ಎಂದರು. ಕೈಮುಗಿದು ಎದ್ದೆ. ಗಡಿಯಾಚೆಯವರ ಮಾತು ನಮ್ಮಲ್ಲಿ ಯಾರಿಗಾದರೂ ತಿಳಿಯಬೇಡವೇ ಎಂಬ ಉತ್ತರ ಬಸ್ಸು ಡಂಬಳ ದಾಟಿದ ಮೇಲೆ ಹೊಳೆಯಿತು. ಅವರೆದುರು ಅದನ್ನು ಹೇಳದಿದ್ದುದೇ ಒಳ್ಳೆಯದಾಯಿತು ಎಂದೂ ಅನ್ನಿಸಿತು.

ಕೊನೆಗೆ ಬೆಟಗೇರಿಯ ಒಂದು ರೇಷ್ಮೆ ನೂಲಿನ ಅಂಗಡಿಗೆ ಹೋದೆ. ಅಂಗಡಿಯ ಸಾಹೇಬರ ಎದುರು ನೇಕಾರನೊಬ್ಬ ನೂಲಿನ ಕಟ್ಟು ಎಸೆದು, "ಮಗ್ಗಕ್ಕ ಏರಿಸಿದ್ರ ಸಾಕು, ಪಟಪಟ ಹರೀತೈತ್ರಿ," ಎಂದು ಜಗಳಕ್ಕೆ ನಿಂತಿದ್ದ. ಕಟ್ಟಿನೊಳಗೆ ಚೀನೀ ಅಕ್ಷರಗಳ ಚೀಟಿಯಿತ್ತು. ತೆಗೆದು ಓದಿದೆ. "ಇದು ಬರೇ ಹೊಕ್ಕಿಗೆ, ಅಡ್ಡ ಎಳಿಗೆ ಹಾಕೂ ನೂಲ್ರಿ. ಉದ್ದ ಎಳಿ ಹಾಸಿನ್ಯಾಗ ಹಾಕಬಾರದು ಅಂತ ಬರದಾರ," ಎಂದೆ.

ಸಾಹೇಬರು ಚೀಟಿಯನ್ನು ತಿರುಗಿಸಿ ನೋಡಿ, "ಇಂಥಾವು ಎಷ್ಟು ಹರದು ಒಲಿಗೆ ಹಾಕೀವೋ," ಎಂದರು. ನೇಕಾರನಿಗೆ ಬೇರೆ ಕಟ್ಟು ಕೊಟ್ಟು ಕಳಿಸಿ ನನ್ನತ್ತ ತಿರುಗಿದರು. "ಕುಂಡ್ರಿ ಅಕ್ಕಾರ. ಏನ್ ಕೆಲಸಾ ಹಿಡದು ಬಂದ್ರಿ?"

ಕೇಳಿದ ಮೇಲೆ, "ಒಬ್ಬನ ರೊಕ್ಕ ಬ್ಯಾಡ. ನಾಳೆ ಅವನ ಮಕ್ಕಳು ಬಂದು ತಕರಾರು ತಗೀತಾರ. ಎಲ್ಲಾರೂ ಕೂಡಿ ಕೊಡೂಣು," ಎಂದರು. ಹಾಗೆಯೇ ಮಾಡಿದರು. ಮಳೆಗಾಲದ ತುಂಬ ಅವರು ಅಂಗಡಿ ಅಂಗಡಿ ಹತ್ತಿದರು, ನಾನು ಹಿಂದೆ ಹಿಂದೆ ನಡೆದೆ. ದೀಪಾವಳಿಯ ಹೊತ್ತಿಗೆ ನಿಧಿ ತುಂಬಿತು.

ಶಾಶ್ವತ ನಿಧಿಗೆ ಶಾಶ್ವತ ಹುದ್ದೆ ಎಂಬುದು ವಿಶ್ವವಿದ್ಯಾಲಯದ ನಿಯಮ. ಹುದ್ದೆಗೆ ಜಾಹೀರಾತು ಬಂತು. ಅದು ಕೇಳಿದ ಪದವಿ ನನ್ನಲ್ಲಿರಲಿಲ್ಲ. ಆದರೂ ಅರ್ಜಿ ಹಾಕಿದೆ. ಆಯ್ಕೆಯಾದದ್ದು ದಿಲ್ಲಿಯಲ್ಲಿ ಓದಿದ ಒಬ್ಬ ತರುಣಿ.

ಸಾಹೇಬರಿಗೆ ನಾನೇ ಹೋಗಿ ಹೇಳಿದೆ. "ನಾವು ಕೊಟ್ಟಿದ್ದು ನಿಮ್ಮ ಮಾರಿ ನೋಡಿರಿ," ಎಂದರು.

"ಪಾಠ ನಡೀತೈತ್ರಿ," ಎಂದೆ. "ಅದು ಖರೆ," ಎಂದು ತಲೆ ತಗ್ಗಿಸಿದರು.

ಪುಸ್ತಕ, ಟಿಪ್ಪಣಿಗಳನ್ನೆಲ್ಲ ಆ ತರುಣಿಗೆ ಒಪ್ಪಿಸಿದೆ. ಸಿಟ್ಟು ಬರಲಿಲ್ಲವೆಂದರೆ ಸುಳ್ಳಾದೀತು. ಗದಗಿನ ಶಾಲೆಯೊಂದರಲ್ಲಿ ಇಂಗ್ಲಿಷ್ ಕಲಿಸಲು ಸೇರಿದೆ. ಆ ತರುಣಿ ಒಳ್ಳೆಯವಳು, ಹುಡುಗರ ಉತ್ತರಪತ್ರಿಕೆಗಳನ್ನು ಒಮ್ಮೆ ತಂದು ತೋರಿಸಿದಳು. ನಿಂತುಕೊಂಡೇ ಎಲ್ಲವನ್ನೂ ಓದಿದೆ. ಬರವಣಿಗೆ ನನ್ನ ಕಾಲದ ಹುಡುಗರದಕ್ಕಿಂತ ಚೆನ್ನಾಗಿತ್ತು.